ಕೈ ಎತ್ತಿ ನಿಂತ ಹೊತ್ತು

ವರ್ಷಕ್ಕೊಮ್ಮೆ ಎಂಟನೆಯ ತರಗತಿಯ ಮಕ್ಕಳನ್ನು ಚಿತ್ರದುರ್ಗದ ಕೋಟೆಗೆ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಸಮಾಜ ಪಾಠ ಹೇಳುವವಳು ನಾನಲ್ಲವೆ? ಹಿರಿಯೂರಿನಿಂದ ಬೆಳಿಗ್ಗೆ ಬಸ್ಸು ಬಿಟ್ಟರೆ ಬಿಸಿಲೇರುವ ಮೊದಲೇ ಕೋಟೆಯ ಬಾಗಿಲಲ್ಲಿರುತ್ತೇವೆ. ಅಲ್ಲಿ ಒಂದು ಬಾಗಿಲ ಎದುರಿಗೆ ಇನ್ನೊಂದು ಬಾಗಿಲು ಕಾಣುವುದಿಲ್ಲ. ದಾರಿ ತಿರುಗಿ ತಿರುಗಿ ಹೋಗುತ್ತದೆ. ಆನೆ ಓಡಿ ಬಂದು ಗುದ್ದದ ಹಾಗೆ, ಹಿಂಡಾಗಿ ಬಂದ ದಂಡು ಒಟ್ಟಿಗೆ ನುಗ್ಗದ ಹಾಗೆ ಕಟ್ಟಿದ್ದಾರೆ ಎಂದು ಮಕ್ಕಳಿಗೆ ಹೇಳುತ್ತೇನೆ. ಕೊನೆಗೆ ಒನಕೆ ಓಬವ್ವನ ಕಿಂಡಿ. ಅದರಲ್ಲಿ ಒಬ್ಬರ ಹಿಂದೆ ಒಬ್ಬರು, ಮೈ ಮುದುರಿಕೊಂಡು, ತಲೆ ಬಗ್ಗಿಸಿಯೇ ಬರಬೇಕು. ಓಬವ್ವನಿಗೆ ಅನುಕೂಲವಾದದ್ದು ಅದೇ. "ಕಾವಲಿನ ಗುಟ್ಟೆಲ್ಲ ಇಷ್ಟೇ ಮಕ್ಕಳೇ, ಒಬ್ಬೊಬ್ಬರನ್ನೇ ಬಿಡುವುದು" ಎಂದು ಇಪ್ಪತ್ತೈದು ವರ್ಷದಿಂದ ಪಾಠ ಒಪ್ಪಿಸಿದ ಹಾಗೆ ಹೇಳಿಕೊಂಡು ಬಂದಿದ್ದೇನೆ.

ಕಳೆದ ಸಲ ಆ ಮಾತು ಹೇಳುವಾಗ ನಾಲಿಗೆ ತಡೆಯಿತು. ಹಾಗೆ ಒಬ್ಬೊಬ್ಬರಾಗಿ ಬಿಡುವ ಕಿಂಡಿಯೊಂದರಲ್ಲಿ ಆ ವರ್ಷ ನಾನೇ ಸಿಕ್ಕಿಕೊಂಡು ಬಂದಿದ್ದೆ.

ಮಗಳ ಬಾಣಂತನಕ್ಕೆಂದು ವಿದೇಶಕ್ಕೆ ಹೊರಟಿದ್ದೆ. ಮೆಂತ್ಯದ ಹಿಟ್ಟು, ಅಂಟಿನುಂಡೆ, ಚಟ್ನಿಪುಡಿ ಎಲ್ಲ ಕಟ್ಟಿದ್ದಾಯಿತು. ಹೊಸದುರ್ಗದ ನಮ್ಮ ತೋಟದ ಒಣಕೊಬ್ಬರಿಯನ್ನು ಮಾತ್ರ ಬಿಟ್ಟೆ. ಅದರ ಎಣ್ಣೆಯಂಶಕ್ಕೆ ಬೆಂಕಿ ಹತ್ತಬಹುದೆಂದು ವಿಮಾನದಲ್ಲಿ ಬಿಡುವುದಿಲ್ಲವಂತೆ. ಬೆಂಗಳೂರಿನಲ್ಲಿ ತಪಾಸಣೆ ಸಲೀಸಾಗಿ ಮುಗಿಯಿತು. ಪರದೆಯ ಹಿಂದೆ ಹೆಣ್ಣುಮಗಳೊಬ್ಬಳು ಕೈಯಂತ್ರವನ್ನು ಸೀರೆಯ ಮೇಲೆ ಆಡಿಸಿದಳು, ಬಳೆ ಹತ್ತಿರ ಕುಂಯ್ ಎಂದಿತು, ಮುದ್ರೆ ಒತ್ತಿ ಕಳಿಸಿದಳು. ವಿಮಾನ ಬದಲಿಸುವ ಊರಿನಲ್ಲಿ ಮತ್ತೆ ತಪಾಸಣೆ. ಅಲ್ಲಿ ಗಾಜಿನ ಗೂಡಿನಂಥದ್ದರೊಳಗೆ ಎರಡೂ ಕೈ ಮೇಲೆತ್ತಿ ನಿಲ್ಲಬೇಕು. ನಿಂತೆ. ಹೊರಗೆ ಬಂದಾಗ ಪಕ್ಕದ ಪರದೆಯ ಮೇಲೆ ಗೊಂಬೆಯ ಚಿತ್ರವಿತ್ತು. ಅದರ ಎಡ ಎದೆಯ ಮೇಲೆ ಹಳದಿ ಚೌಕ.

ನನಗೆ ಅರ್ಥವಾಯಿತು. ಆರು ವರ್ಷದ ಹಿಂದೆ ಕ್ಯಾನ್ಸರಿಗಾಗಿ ಆ ಎದೆಯನ್ನು ತೆಗೆದುಹಾಕಿದ್ದಾರೆ. ಅಂಗಡಿಯಲ್ಲಿ ಸಿಗುವ ಸಿಲಿಕೋನಿನದು ನಮ್ಮ ಸೆಕೆಗೆ ಒಗ್ಗಲಿಲ್ಲ. ಹತ್ತಿಯ ಬಟ್ಟೆಯಲ್ಲಿ ನಾನೇ ಪ್ಯಾಡು ಹೊಲಿದು, ತೂಕಕ್ಕೆಂದು ಒಂದು ಹಿಡಿ ರಾಗಿ ತುಂಬಿಕೊಳ್ಳುತ್ತೇನೆ. ಲೋಹ ಹುಡುಕುವ ಯಂತ್ರಕ್ಕೆ ರಾಗಿ ಸಿಗುವುದಿಲ್ಲ. ಈ ಗೂಡಿನ ಯಂತ್ರ ಬೇರೆ ಬಗೆಯದು. ಅದರ ಅಲೆಗಳು ಬಟ್ಟೆಯನ್ನು ಹಾದು ಚರ್ಮಕ್ಕೆ ತಾಗಿ ಹಿಂದಿರುಗುತ್ತವೆ. ಚರ್ಮವಲ್ಲದ್ದು ಮೈಮೇಲೆ ಏನಿದ್ದರೂ ಅಲ್ಲಿ ಗುರುತು ಬೀಳುತ್ತದೆ.

ಕೈಗವಸು ತೊಟ್ಟ ಹುಡುಗಿ ಅಲ್ಲಿಯೇ, ಸಾಲಿನ ಮುಂದೆಯೇ, ಹಿಂಗೈಯಿಂದ ಎದೆಯ ಮೇಲೆ ಸವರಿ, ಏನಿದು ಎಂದು ಕೇಳಿದಳು. ಬಿ.ಎ. ಓದಿದವಳು, ಬಿ.ಎಡ್. ಮಾಡಿದವಳು, ನನಗೆ ಒಂದು ಇಂಗ್ಲಿಷ್ ಮಾತು ಬಾಯಿಗೆ ಬರಲಿಲ್ಲ. ಇನ್ನೊಬ್ಬಳನ್ನು ಕರೆದಳು. ಒಂದು ಕೋಣೆಗೆ ಕರೆದೊಯ್ದರು. ತೆಗೆಯಿರಿ ಎಂದರು. ತೆಗೆದೆ. ಅದನ್ನು ಟ್ರೇಯಲ್ಲಿಟ್ಟು ಯಂತ್ರಕ್ಕೆ ಹಾಕಲು ಹೊರಗೆ ಒಯ್ದರು. ಬೂಟು, ಬೆಲ್ಟುಗಳ ನಡುವೆ ಅದೂ ಉರುಳಿಕೊಂಡು ಹೋಗಿರಬೇಕು. ಸೆರಗನ್ನು ಎರಡು ಸುತ್ತು ಹೊದ್ದು ಕುಳಿತೆ. ಹತ್ತು ನಿಮಿಷದ ಮೇಲೆ ತಂದುಕೊಟ್ಟು, ಥ್ಯಾಂಕ್ಯೂ, ಹೋಗಬಹುದು ಎಂದರು. ಯಾರೂ ಒಂದು ಒರಟು ಮಾತು ಆಡಲಿಲ್ಲ. ಆದ್ದರಿಂದಲೇ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯದೆ ಮುಂದಿನ ವಿಮಾನದಲ್ಲಿ ಊಟ ಮುಟ್ಟದೆ ಕೂತಿದ್ದೆ.

ಮಗಳಿಗೆ ಹೇಳಲು ನಾಲ್ಕು ದಿನ ಬೇಕಾಯಿತು. ಕೇಳಿದ ಕೂಡಲೆ ಅವಳು, "ಅಮ್ಮಾ, ನೀನ್ಯಾಕೆ ಏನೂ ಹೇಳ್ಲಿಲ್ಲ?" ಎಂದಳು.

"ಏನಂತ ಹೇಳ್ಲೆ? ಅವರ ಕೆಲಸ ಅವರು ಮಾಡಿದ್ರು" ಎಂದೆ.

ಮಗು ಮಲಗಿದ ಹೊತ್ತಿನಲ್ಲಿ ಅವಳ ಪ್ರಶ್ನೆ ತಲೆಯೊಳಗೆ ಸುತ್ತುತ್ತಿತ್ತು. ಚರಿತ್ರೆ ಕಲಿಸುವವಳಿಗೆ ಸಮಾಧಾನ ಬೇಕಾದರೆ ಹಿಂದಕ್ಕೆ ಹೋಗುವುದೊಂದೇ ದಾರಿ. ಪ್ರಯಾಣಿಕರನ್ನು ಹೀಗೆ ನಿಲ್ಲಿಸಿ ಮೈ ನೋಡುವುದು ಎಂದಿನಿಂದ ಬಂತು? ಹೇಳಿಕೊಳ್ಳಬೇಕಾದವರು ಹೇಳಿಕೊಂಡಿದ್ದಾರೆಯೆ? ಹುಡುಕುತ್ತ ಹೋದರೆ ವಿಮಾನಕ್ಕಿಂತ ಮೊದಲು ಸಿಕ್ಕಿದ್ದು ರೈಲು. ಅದೂ ನಮ್ಮ ಕಡೆಯ ರೈಲು.

1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. 1897ರ ಫೆಬ್ರವರಿಯಲ್ಲಿ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯಿದೆ ಮಾಡಿತು. 2020ರ ಕೊರೊನಾ ಕಾಲದಲ್ಲಿ ಧೂಳು ಕೊಡವಿ ಬಳಸಿದ್ದು ಇದೇ ಕಾಯಿದೆಯನ್ನು. ರೈಲಿನಲ್ಲಿ ಹೋಗುವವರನ್ನು ಪರೀಕ್ಷಿಸುವ ಅಧಿಕಾರ ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಪ್ಲೇಗಿನ ಗಂಟು ಏಳುವುದು ಕುತ್ತಿಗೆಯಲ್ಲಿ, ಕಂಕುಳಲ್ಲಿ, ತೊಡೆಯ ಸಂದಿನಲ್ಲಿ. ಹಾಗಾಗಿ ಪರೀಕ್ಷೆಯೆಂದರೆ ಅಲ್ಲೆಲ್ಲ ಕೈಯಿಟ್ಟು ನೋಡುವುದೇ. 1898ರ ಆಗಸ್ಟ್ ಹೊತ್ತಿಗೆ ರೋಗ ಹುಬ್ಬಳ್ಳಿ ಕಡೆಯಿಂದ ರೈಲು ಹತ್ತಿ ಬೆಂಗಳೂರು ಮುಟ್ಟಿತು. ಆ ಹಳಿ ನಮ್ಮ ಜಿಲ್ಲೆಯ ಅಂಚನ್ನೇ ಹಾದುಹೋಗುತ್ತದೆ. ಈಗಿನ ಚಿಕ್ಕಜಾಜೂರು, ಹೊಸದುರ್ಗ ರೋಡ್ ನಿಲ್ದಾಣಗಳಿರುವ ಹಳಿಯೇ ಅದು. ಹೊಳಲ್ಕೆರೆ ಕಡೆಯ ನಮ್ಮಜ್ಜಿ ಪ್ಲೇಗಿನ ಕಥೆ ಹೇಳುತ್ತಿದ್ದಳು. ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದುದು, ಒಲೆಗೆ ಮೂರು ಕಲ್ಲು ಹುಡುಕುತ್ತಿದ್ದುದು ಎಲ್ಲ ಹೇಳುವಳು. ರೈಲಿನ ಮಾತು ಬಂದರೆ ಮಾತ್ರ, "ಹೆಂಗಸ್ರು ರೈಲು ಹತ್ತೋಕೇ ಹೆದರ್ತಿದ್ರಂತೆ ಕಣೆ" ಎಂದು ಅಲ್ಲಿಗೇ ನಿಲ್ಲಿಸುತ್ತಿದ್ದಳು. ಯಾಕೆ ಅಂತ ಆಗ ನಾನೂ ಕೇಳಲಿಲ್ಲ.

ಪುಣೆಯಲ್ಲಿ ಸಿಪಾಯಿಗಳು ಮನೆಯೊಳಗೇ ನುಗ್ಗಿ ತಪಾಸಣೆ ಮಾಡಿದರು. ಹೆಂಗಸರನ್ನು ಪರಗಂಡಸರು ಮುಟ್ಟಿ ನೋಡುತ್ತಾರೆಂಬುದು ದೊಡ್ಡ ಗಾಯವಾಯಿತು. 1897ರ ಜೂನ್ 22ರಂದು ಚಾಪೇಕರ್ ಸಹೋದರರು ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಮೇಲೆ ಗುಂಡು ಹಾರಿಸಿದರು. ಈ ಕಥೆ ನಮ್ಮ ಪಾಠಪುಸ್ತಕಗಳಲ್ಲಿ ಬಂದಿದೆ. ಬಾರದ ಕಥೆ ಇನ್ನೊಂದಿದೆ. ಅದಕ್ಕೂ ಒಂದು ತಿಂಗಳು ಮೊದಲು, ಅದೇ ಮೇ ತಿಂಗಳಲ್ಲಿ, ಪಂಡಿತಾ ರಮಾಬಾಯಿ 'ಬಾಂಬೆ ಗಾರ್ಡಿಯನ್' ಪತ್ರಿಕೆಗೆ ಒಂದು ಪತ್ರ ಬರೆದರು. ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಈಗ ಕರ್ನಾಟಕದಲ್ಲಿರುವ ಘಟ್ಟದ ಗಂಗಾಮೂಲದಲ್ಲಿ. ಪ್ಲೇಗ್ ಆಸ್ಪತ್ರೆ, ಕ್ಯಾಂಪುಗಳಲ್ಲಿ ಹೆಣ್ಣುಮಕ್ಕಳಿಗೆ ರಕ್ಷಣೆಯಿಲ್ಲ, ಅವರ ಮಾನ ಕೇಳುವವರಿಲ್ಲ ಎಂದು ಆಕೆ ಹೆಸರು ಹಾಕಿಯೇ ಬರೆದರು. ಮಾತು ಇಂಗ್ಲೆಂಡಿನವರೆಗೂ ಹೋಯಿತು. ಮುಂಬಯಿಯ ಗವರ್ನರು ಲಾರ್ಡ್ ಸ್ಯಾಂಡ್‌ಹರ್ಸ್ಟ್ ಅದು ನಿಜವಲ್ಲವೆಂದು ತಳ್ಳಿಹಾಕಿದ. ರಮಾಬಾಯಿ ಹಿಂದೆಗೆಯಲಿಲ್ಲ. ಪ್ಲೇಗು ತಡೆಯಬೇಡಿ ಎಂದು ಆಕೆ ಹೇಳಿರಲಿಲ್ಲ. ತಡೆಯುವ ರೀತಿಯ ಬಗ್ಗೆ ಕೇಳಿದ್ದರು. ಇಂಥ ಕೂಗು ಎಲ್ಲ ಕಡೆಯಿಂದ ಎದ್ದ ಮೇಲೆ ಹೆಂಗಸರನ್ನು ನೋಡಲು ಹೆಂಗಸರನ್ನೇ ನೇಮಿಸುವುದು ಹಲವು ಕಡೆ ಮೊದಲಾಯಿತು.

ಇನ್ನೊಂದು ಸಂಗತಿ ನೋಡಿ ನನಗೆ ಆಶ್ಚರ್ಯವಾಯಿತು. 1898ರ ದಂಡ ಪ್ರಕ್ರಿಯಾ ಸಂಹಿತೆಯ 52ನೆಯ ಕಲಮಿನಲ್ಲಿ, ಹೆಂಗಸಿನ ಮೈ ಶೋಧಿಸಬೇಕಾದರೆ ಇನ್ನೊಬ್ಬ ಹೆಂಗಸೇ, ಮರ್ಯಾದೆಗೆ ಕುಂದು ಬಾರದಂತೆ ಶೋಧಿಸಬೇಕು ಎಂದಿತ್ತು. ಅದು 1973ರ ಸಂಹಿತೆಯಲ್ಲಿ 51ನೆಯ ಕಲಮಾಗಿ, 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 49ನೆಯ ಕಲಮಾಗಿ ಉಳಿದುಕೊಂಡಿದೆ. ಈ ಮಾತು ಬರೆದದ್ದು ದಸ್ತಗಿರಿಯಾದ ಹೆಂಗಸಿಗೆ. ಕಳ್ಳತನದ ಆಪಾದನೆ ಹೊತ್ತವಳಿಗೂ ಕಾನೂನು ಇಷ್ಟು ಮರ್ಯಾದೆ ಕೊಟ್ಟಿರುವಾಗ, ಟಿಕೆಟ್ ಕೊಂಡು ಮಗಳ ಮನೆಗೆ ಹೊರಟವಳಿಗೆ ಅದಕ್ಕಿಂತ ಕಡಿಮೆ ಸಲ್ಲಬಾರದಲ್ಲವೆ?

ಇನ್ನು ವಿಮಾನಗಳ ಮಾತು. ಮೊದಮೊದಲು ಬಸ್ಸು ಹತ್ತುವಂತೆ ವಿಮಾನ ಹತ್ತುತ್ತಿದ್ದ ಕಾಲವೂ ಇತ್ತು. 1971ರ ಜನವರಿ 30ರಂದು ಶ್ರೀನಗರದಿಂದ ಜಮ್ಮುವಿಗೆ ಹೊರಟಿದ್ದ ಇಂಡಿಯನ್ ಏರ್‌ಲೈನ್ಸಿನ 'ಗಂಗಾ' ವಿಮಾನವನ್ನು ಇಬ್ಬರು ಹುಡುಗರು ಲಾಹೋರಿಗೆ ಅಪಹರಿಸಿದರು. ಅವರ ಕೈಯಲ್ಲಿದ್ದ ಪಿಸ್ತೂಲೂ ನಕಲಿ, ಗ್ರೆನೇಡೂ ನಕಲಿ. ಅಮೆರಿಕದಲ್ಲಿ ವಿಮಾನ ಅಪಹರಣ ಪದೇ ಪದೇ ನಡೆದು, 1973ರ ಜನವರಿ 5ರಿಂದ ಎಲ್ಲ ಪ್ರಯಾಣಿಕರ ತಪಾಸಣೆ ಕಡ್ಡಾಯವಾಯಿತು. 1985ರ ಜೂನ್ 23ರಂದು ಏರ್ ಇಂಡಿಯಾದ 'ಕನಿಷ್ಕ' ಸಮುದ್ರದ ಮೇಲೆ ಸಿಡಿದು 329 ಜನ ಸತ್ತರು. ಟೊರೊಂಟೊದಲ್ಲಿ ಅಂದು ಸಾಮಾನು ನೋಡುವ ಎಕ್ಸ್‌ರೇ ಯಂತ್ರ ಕೆಟ್ಟುಹೋಗಿತ್ತು. 1999ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ಹೊರಟ ವಿಮಾನ ಕಂದಹಾರಕ್ಕೆ ಹೋದ ಕಥೆ ನಾವೆಲ್ಲ ಟಿ.ವಿ. ಮುಂದೆ ಕೂತು ನೋಡಿದ್ದೇ. ಆಮೇಲೆ 2000ದ ಫೆಬ್ರವರಿಯಲ್ಲಿ ಜೈಪುರದಿಂದ ಶುರುವಾಗಿ ಒಂದೊಂದೇ ನಿಲ್ದಾಣದ ಕಾವಲು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಗೆ ಬಂತು.

ನಮಗೆ ಕಿರಿಕಿರಿಯೆನಿಸುವ ಒಂದೊಂದು ನಿಯಮದ ಹಿಂದೆಯೂ ಹೀಗೆ ಒಂದೊಂದು ಕಥೆಯಿದೆ. ಬೂಟು ಬಿಚ್ಚಿ ಎನ್ನುವುದು 2001ರ ಡಿಸೆಂಬರಿನಲ್ಲಿ ಒಬ್ಬ ಬೂಟಿನಲ್ಲಿ ಸ್ಫೋಟಕ ತಂದಿದ್ದರಿಂದ. ನೂರು ಮಿಲಿಲೀಟರಿಗಿಂತ ಹೆಚ್ಚು ಗೊಜ್ಜು, ತೊಕ್ಕು ಕೈಚೀಲದಲ್ಲಿ ಬೇಡ ಎನ್ನುವುದು 2006ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ಬಯಲಾದ ಸಂಚಿನಿಂದ. 2009ರ ಕ್ರಿಸ್‌ಮಸ್ ದಿನ ಇನ್ನೊಬ್ಬ ಒಳಉಡುಪಿನಲ್ಲಿ ಸ್ಫೋಟಕ ಇಟ್ಟುಕೊಂಡು ಬಂದ. ಅಲ್ಲಿಂದಾಚೆಗೆ ಕೈ ಎತ್ತಿ ನಿಲ್ಲುವ ಗೂಡುಗಳು ಹೆಚ್ಚಿದವು. ಕಾವಲೇ ಬೇಡವೆನ್ನಲು ನನಗೆ ಬಾಯಿ ಬರುವುದಿಲ್ಲ. ಆ 329 ಜನರಲ್ಲಿ ನನ್ನಂತೆಯೇ ಮಕ್ಕಳ ಮನೆಗೆ ಹೋಗಿ ಬರುವವರು ಎಷ್ಟು ಜನ ಇದ್ದರೋ.

ಆದರೆ ಕಾವಲಿನ ಹೆಸರಿನಲ್ಲಿ ನಡೆದದ್ದೆಲ್ಲ ಕಾವಲಲ್ಲ. 1979ರ ಜನವರಿಯಲ್ಲಿ ಲಂಡನ್ನಿನ ಹೀತ್ರೊ ನಿಲ್ದಾಣಕ್ಕೆ ಭಾರತದಿಂದ ಒಬ್ಬ ಹೆಂಗಸು ಇಳಿದರು. ವಯಸ್ಸು 35. ವೃತ್ತಿಯಲ್ಲಿ ನನ್ನ ಹಾಗೆ ಶಿಕ್ಷಕಿ. ಅಲ್ಲಿ ನೆಲೆಸಿದ್ದ ವರನನ್ನು ಮದುವೆಯಾಗಲು ಹೋಗಿದ್ದರು. ಮದುವೆ ನಿಶ್ಚಯವಾದವಳಿಗೆ ಆಗ ವೀಸಾದ ಅಗತ್ಯವಿರಲಿಲ್ಲ. ಇಷ್ಟು ವಯಸ್ಸಾದವಳಿಗೆ ಈಗಾಗಲೇ ಮದುವೆ ಆಗಿರಬೇಕೆಂದು ಅಧಿಕಾರಿಗಳಿಗೆ ಅನುಮಾನ. ಕನ್ಯೆಯೋ ಅಲ್ಲವೋ ಎಂದು ಒಬ್ಬ ಗಂಡಸು ವೈದ್ಯನಿಂದ ಪರೀಕ್ಷೆ ಮಾಡಿಸಿದರು! ಇದು ಬಾಂಬಿನ ಭಯವಲ್ಲ, ವಲಸೆಯ ಲೆಕ್ಕಾಚಾರ. ಕಾಗದಕ್ಕೆ ಆಕೆ ಸಹಿ ಹಾಕಿದ್ದರು. ಹಾಕದಿದ್ದರೆ ಹಿಂದಕ್ಕೆ ಕಳಿಸಿಬಿಡುತ್ತಾರೆಂಬ ಹೆದರಿಕೆಯಿಂದ ಹಾಕಿದೆ ಎಂದು ಆಮೇಲೆ ಹೇಳಿದರು. ಹೇಳಿದರು ಎಂಬುದೇ ಮುಖ್ಯ. ಫೆಬ್ರವರಿ 1ರಂದು 'ಗಾರ್ಡಿಯನ್' ಪತ್ರಿಕೆ ಅದನ್ನು ಅಚ್ಚು ಹಾಕಿತು, ನಮ್ಮ ದೇಶದಲ್ಲಿ ಗದ್ದಲವೆದ್ದಿತು, ಆ ತಿಂಗಳಲ್ಲೇ ಬ್ರಿಟನ್ನಿನಲ್ಲಿ ಆ ಪದ್ಧತಿ ನಿಂತಿತು. 2011ರಲ್ಲಿ ಇಬ್ಬರು ಸಂಶೋಧಕರು ಹಳೆಯ ಕಡತ ತೆರೆದಾಗ, ಇಂಥ ಪರೀಕ್ಷೆಗೆ ಒಳಗಾದ ಹೆಂಗಸರು ಕಡೇಪಕ್ಷ 80 ಮಂದಿ ಎಂದು ಗೊತ್ತಾಯಿತು. ಒಬ್ಬಳು ಬಾಯಿಬಿಟ್ಟಳು. ಮಿಕ್ಕವರು ನುಂಗಿಕೊಂಡರು. ನಾನೂ ಆ ನುಂಗಿಕೊಂಡವರ ಸಾಲಿನವಳೇ ಎಂದು ಓದುವಾಗ ಅನಿಸಿತು.

ದೊಡ್ಡ ಹುದ್ದೆಯಲ್ಲಿದ್ದರೆ ಇದರಿಂದ ಪಾರಾಗುತ್ತೇವೆಂದೂ ಇಲ್ಲ. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ದೇಶದ ರಕ್ಷಣಾ ಮಂತ್ರಿಯಾಗಿದ್ದಾಗಲೇ, 2002 ಮತ್ತು 2003ರಲ್ಲಿ, ವಾಷಿಂಗ್ಟನ್ನಿನ ನಿಲ್ದಾಣದಲ್ಲಿ ಅವರನ್ನು ಬಟ್ಟೆ ಬಿಚ್ಚಿಸಿ ಶೋಧಿಸಿದರೆಂದು ಅಮೆರಿಕದ ಮಾಜಿ ಅಧಿಕಾರಿ ಸ್ಟ್ರೋಬ್ ಟಾಲ್ಬಟ್ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. 2010ರ ಡಿಸೆಂಬರ್ 4ರಂದು ಅಮೆರಿಕಕ್ಕೆ ನಮ್ಮ ರಾಯಭಾರಿಯಾಗಿದ್ದ ಮೀರಾ ಶಂಕರ್ ಅವರನ್ನು ಮಿಸಿಸಿಪ್ಪಿಯ ಜಾಕ್ಸನ್ ನಿಲ್ದಾಣದಲ್ಲಿ ಸಾಲಿನಿಂದ ಪಕ್ಕಕ್ಕೆ ಕರೆದು, ಎಲ್ಲರಿಗೂ ಕಾಣುವ ಕಡೆ ಮೈ ತಡವಿದರು. ಆಕೆ ಸೀರೆ ಉಟ್ಟಿದ್ದುದೇ ಅನುಮಾನಕ್ಕೆ ಕಾರಣವಾಯಿತೆಂದು ಪತ್ರಿಕೆಗಳಲ್ಲಿ ಬಂತು. ಆರು ಗಜದ ಸೀರೆಯೇ ಅವರಿಗೆ ಅಪಾಯದ ಬಟ್ಟೆಯಾಗಿ ಕಂಡಿರಬೇಕು. ವಿದೇಶಾಂಗ ಮಂತ್ರಿಯಾಗಿದ್ದ ನಮ್ಮ ಎಸ್.ಎಂ. ಕೃಷ್ಣ ಇದನ್ನು ಒಪ್ಪಲಾಗದು ಎಂದು ಪ್ರತಿಭಟಿಸಿದರು. 2017ರ ಮಾರ್ಚಿನಲ್ಲಿ ಬೆಂಗಳೂರಿನಿಂದ ಹೊರಟಿದ್ದ ಮಹಿಳೆಯೊಬ್ಬರಿಗೆ ಫ್ರಾಂಕ್‌ಫರ್ಟಿನಲ್ಲಿ ಬಟ್ಟೆ ಬಿಚ್ಚಲು ಹೇಳಿದರಂತೆ. ಆಕೆಗೆ ಸ್ವಲ್ಪ ದಿನದ ಹಿಂದಷ್ಟೇ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿತ್ತು. ಯುರೋಪಿನವರಾದ ಗಂಡ ಹತ್ತಿರ ಬಂದ ಮೇಲೆ ಅಧಿಕಾರಿಗಳ ಧಾಟಿ ಬದಲಾಯಿತೆಂದು ಆಕೆ ಬರೆದುಕೊಂಡರು. ಸುಷ್ಮಾ ಸ್ವರಾಜ್ ಕೂಡಲೇ ವರದಿ ತರಿಸಲು ಹೇಳಿದರು.

ಹೇಳಿಕೊಂಡರೆ ಏನಾದರೂ ಆಗುತ್ತದೆಯೆ ಎಂದು ನೀವು ಕೇಳಬಹುದು. ಆಗಿದೆ. ಮೊದಲು ಬಂದ ಗೂಡುಗಳಲ್ಲಿ ಹೆಚ್ಚುಕಡಿಮೆ ಬತ್ತಲೆ ಮೈಯ ಆಕಾರವೇ ಕಾಣುತ್ತಿತ್ತು. ಜನ ಬೈದರು, ಮೊಕದ್ದಮೆ ಹಾಕಿದರು. 2013ರ ಹೊತ್ತಿಗೆ ಅಮೆರಿಕದ ನಿಲ್ದಾಣಗಳಿಂದ ಅಂಥ ಯಂತ್ರಗಳು ಹೋದವು. ನನ್ನನ್ನು ತೋರಿಸಿದ್ದು ಬರಿಯ ಗೊಂಬೆಯ ಚಿತ್ರವಾಗಿ. ಅಷ್ಟು ಮಟ್ಟಿಗಿನ ಮುಸುಕನ್ನು ನನಗೆ ಗಳಿಸಿಕೊಟ್ಟವರು ನಾನು ಕಾಣದ ಯಾರೋ. ಬೂಟು ಬಿಚ್ಚಿಸುವುದನ್ನೂ 2025ರ ಜುಲೈಯಲ್ಲಿ ಆ ದೇಶ ಕೈಬಿಟ್ಟಿತು.

ನಮ್ಮ ದೇಶದಲ್ಲಿ ಈ ವಿಷಯದ ದೊಡ್ಡ ತೀರ್ಪಿಗೆ ಕನ್ನಡನಾಡಿನ ಹಿರಿಯರೊಬ್ಬರ ಹೆಸರಿದೆ. ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾಗಿದ್ದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಸಂವಿಧಾನದ ಮೂಲಭೂತ ಹಕ್ಕು ಎಂದರು. ಅದರಲ್ಲಿ ನಮ್ಮ ಮೈ, ನಮ್ಮ ಗುಟ್ಟು, ನಮ್ಮ ಗುರುತು ಎಲ್ಲ ಸೇರಿದೆ. ಸರ್ಕಾರ ಅದನ್ನು ಮುಟ್ಟಲೇಬಾರದೆಂದಿಲ್ಲ. ಮುಟ್ಟುವುದಕ್ಕೆ ಕಾನೂನಿನ ಆಧಾರವಿರಬೇಕು, ಸರಿಯಾದ ಅಗತ್ಯವಿರಬೇಕು, ಅಗತ್ಯಕ್ಕಿಂತ ಹೆಚ್ಚು ಮುಟ್ಟಬಾರದು. ಪುಟ್ಟಸ್ವಾಮಿಯವರು 2024ರಲ್ಲಿ, 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ಈಗ ಮೈಯ ಜೊತೆಗೆ ಮುಖವನ್ನೂ ಕೇಳುತ್ತಾರೆ. 2022ರ ಡಿಸೆಂಬರ್ 1ರಂದು ಬೆಂಗಳೂರೂ ಸೇರಿ ಮೂರು ನಿಲ್ದಾಣಗಳಲ್ಲಿ 'ಡಿಜಿ ಯಾತ್ರಾ' ಬಂತು. ಮುಖ ತೋರಿಸಿದರೆ ಬಾಗಿಲು ತೆರೆಯುತ್ತದೆ. ಬೇಕಾದವರಿಗೆ ಮಾತ್ರ, ವಿವರ ನಮ್ಮ ಫೋನಿನಲ್ಲೇ ಇರುತ್ತದೆ ಎನ್ನುತ್ತಾರೆ. ಮಗಳು, ಅಳಿಯ ಅದನ್ನು ಬಳಸುತ್ತಾರೆ. ನಾನು ಟಿಕೆಟ್ ತೋರಿಸಿಯೇ ಹೋಗುತ್ತೇನೆ. ಒಪ್ಪುವುದೂ ಒಪ್ಪದಿರುವುದೂ ನಮ್ಮ ಕೈಯಲ್ಲಿರುವ ತನಕ ಎರಡೂ ಸರಿಯೇ.

ಓಬವ್ವನ ಮಾತಿಗೆ ಬರುತ್ತೇನೆ. ಅವಳು ಒನಕೆ ಎತ್ತಿದ್ದು ಕಳ್ಳದಾರಿಯಲ್ಲಿ ತೆವಳಿ ಬಂದ ಹಗೆಯ ದಂಡಿನ ಮೇಲೆ. ಕೋಟೆಯೊಳಗಿನ ಮನೆಮಂದಿಯನ್ನು ಹಗೆಯೆಂದು ತಿಳಿದು ಅಲ್ಲ. ಈಗಿನ ಕಿಂಡಿಯಲ್ಲಿ ಎಲ್ಲರೂ ಮೊದಲು ಅನುಮಾನದವರು, ಆಮೇಲೆ ಪ್ರಯಾಣಿಕರು. ಹಾಗಿರುವುದು ಅನಿವಾರ್ಯವೇ ಇರಬಹುದು. ಆದರೆ ಯಾರು ಮುಟ್ಟುತ್ತಾರೆ, ಎಲ್ಲಿ ಮುಟ್ಟುತ್ತಾರೆ, ಪರದೆ ಇದೆಯೆ, ಮುಟ್ಟುವ ಮೊದಲು ಒಂದು ಮಾತು ಹೇಳುತ್ತಾರೆಯೆ ಎಂಬುದು ಅನಿವಾರ್ಯದ ಮಾತಲ್ಲ. ಅದು ರೂಢಿಯ ಮಾತು. ರೂಢಿ ಬದಲಾದಾಗಲೆಲ್ಲ ಯಾರೋ ಒಬ್ಬರು ಮೊದಲು ಕೇಳಿದ್ದಾರೆ.

ಬಾಣಂತನ ಮುಗಿಸಿ ಹಿಂದಿರುಗುವ ಮುನ್ನಾದಿನ ಮಗಳು ಒಂದು ರಟ್ಟಿನ ಚೀಟಿ ಬರೆದುಕೊಟ್ಟಳು. ನನಗೆ ಎದೆಯ ಶಸ್ತ್ರಚಿಕಿತ್ಸೆಯಾಗಿದೆ, ಪ್ಯಾಡು ಧರಿಸಿದ್ದೇನೆ, ದಯವಿಟ್ಟು ಮರೆಯಲ್ಲಿ, ಹೆಂಗಸರಿಂದ ಪರೀಕ್ಷೆ ಮಾಡಿಸಿ ಎಂದು ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಗೂಡಿನೊಳಗೆ ಕಾಲಿಡುವ ಮೊದಲೇ ಅದನ್ನು ತೋರಿಸಿದೆ. ಕೈ ನಡುಗುತ್ತಿತ್ತು. ಕಾವಲಿನ ಹೆಂಗಸು ಓದಿ ತಲೆಯಾಡಿಸಿ ಕೋಣೆಗೆ ಕರೆದೊಯ್ದಳು. ತೆಗೆಯಿರಿ ಎನ್ನಲಿಲ್ಲ. ನನ್ನ ಕೈಯಿಂದಲೇ ಸೀರೆಯ ಮೇಲೆ ಸವರಿಕೊಳ್ಳಲು ಹೇಳಿ, ನನ್ನ ಅಂಗೈಯನ್ನು ಒಂದು ಬಟ್ಟೆ ಚೂರಿನಿಂದ ಒರೆಸಿ, ಆ ಚೂರನ್ನು ಯಂತ್ರಕ್ಕೆ ಕೊಟ್ಟಳು. ಸ್ಫೋಟಕದ ಪುಡಿಯಿದ್ದರೆ ಅದರಲ್ಲಿ ತಿಳಿಯುತ್ತದಂತೆ. ಎರಡು ನಿಮಿಷದಲ್ಲಿ ಎಲ್ಲ ಮುಗಿಯಿತು. ಯಂತ್ರ ಅದೇ, ನಾನು ಅವಳೇ, ರಾಗಿಯೂ ಅದೇ. ಇಂಥ ದಾರಿಯೊಂದು ಇದೆಯೆಂದು ನನಗೆ ಹೋಗುವಾಗ ಗೊತ್ತಿರಲಿಲ್ಲ. ಗೊತ್ತಿದ್ದವರು ಹೇಳಿರಲಿಲ್ಲ. ನಾನು ಕೇಳಿರಲಿಲ್ಲ.

ಆ ಚೀಟಿ ಈಗಲೂ ನನ್ನ ಪರ್ಸಿನಲ್ಲಿದೆ. ಮೊನ್ನೆ ನಮ್ಮ ಓಣಿಯ ನಿವೃತ್ತ ಟೀಚರೊಬ್ಬರು ಮಗನ ಮನೆಗೆ ಹೊರಟರು. ಅವರ ಎರಡೂ ಮಂಡಿಗಳಲ್ಲಿ ಲೋಹ ಕೂರಿಸಿದ್ದಾರೆ. "ಏನು ಮಾಡ್ತಾರೋ ಏನೋ ಕಣ್ರೀ" ಎಂದು ಹೆದರಿದ್ದರು. ಕೂತು ಅವರಿಗೂ ಒಂದು ಚೀಟಿ ಬರೆದುಕೊಟ್ಟೆ. "ಮೊದಲೇ ತೋರಿಸಿ, ಅಕ್ಕ. ಕೇಳೋಕೆ ನಾಚಿಕೆ ಪಡಬೇಡಿ" ಎಂದೆ.